ನನ್ನ ಕ್ಲಾಸನ್ನೇ ತೆಗೆದುಹಾಕಿದರು

ಮೊನ್ನೆ ಆಫೀಸಿನ ಬೀರು ಕ್ಲೀನ್ ಮಾಡುವಾಗ ಒಂದು ಹಳೇ ಫೋಟೋ ಸಿಕ್ಕಿತು. ಸಮುದಾಯ ಭವನದ ವೇದಿಕೆ. ಹಿಂದೆ ದೊಡ್ಡ ಫ್ಲೆಕ್ಸ್. ಮುಂದೆ ಒಂಬತ್ತು ಜನ ಸಾಲಾಗಿ ನಿಂತಿದ್ದಾರೆ. ಎಲ್ಲರ ಹೆಗಲ ಮೇಲೂ ಶಾಲು, ಕೈಯಲ್ಲಿ ಸ್ಟೀಲ್ ಡಬ್ಬಿ. ನಮ್ಮಲ್ಲಿ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದವರು ಇವರು. 'ಹಳೇ ವಿದ್ಯಾರ್ಥಿಗಳ ಸಮಾವೇಶ' ಅಂತ ನಾವೇ ಹೆಸರಿಟ್ಟಿದ್ದೆವು. ಎಡತುದಿಯ ಹುಡುಗಿ ಮಾತ್ರ ಕ್ಯಾಮೆರಾ ನೋಡದೆ ಬಾಗಿಲ ಕಡೆ ನೋಡುತ್ತಿದ್ದಾಳೆ. ಬಸ್ಸಿಗೆ ಹೊತ್ತಾಯ್ತೇನೋ ಅಂದುಕೊಂಡಿದ್ದೆ ಅವತ್ತು. ನಾವು ಕೊಡಿಸಿದ ಕೆಲಸ ಬಿಟ್ಟು ಆಗಲೇ ಅವಳಿಗೆ ಹನ್ನೊಂದು ದಿನ ಆಗಿತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ.

ನಾನು ಕೆಲಸ ಮಾಡುವುದು ಕೊಡಗಿನ ಸಿದ್ದಾಪುರ ಕಡೆಯ ಒಂದು ಸಣ್ಣ ಸಂಸ್ಥೆಯಲ್ಲಿ. ಹೆಸರು ಬೇಡ, ಈ ಕಥೆಯಲ್ಲಿ ನಮ್ಮ ತಪ್ಪೇ ಜಾಸ್ತಿ ಇದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡ ಜರಿಯಿತು. ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಮನೆಗಳಿಗೆ ನೀರು ನುಗ್ಗಿತು. ಆಗ ನಾವು ಅಕ್ಕಿ, ಹೊದಿಕೆ ಹಂಚಿಕೊಂಡು ಓಡಾಡುತ್ತಿದ್ದವರು. ಅಕ್ಕಿ ಮುಗಿದ ಮೇಲೆ ಎಲ್ಲರೂ ಕೇಳಿದ್ದು ಮುಂದೇನು ಅಂತ. ಉದ್ಯೋಗ ತರಬೇತಿ ಶುರುವಾದದ್ದು ಹಾಗೆ. ಹೊಲಿಗೆ, ಕಂಪ್ಯೂಟರ್, ಹೋಟೆಲ್ ಕೆಲಸ, ಬೈಕ್ ರಿಪೇರಿ. ಮೂರು ತಿಂಗಳ ಕೋರ್ಸು, ಆಮೇಲೆ ಕುಶಾಲನಗರದಲ್ಲೋ ಮೈಸೂರಲ್ಲೋ ಬೆಂಗಳೂರಲ್ಲೋ ಒಂದು ಕೆಲಸ. ಬರುವವರು ಹೆಚ್ಚಾಗಿ ತೋಟದ ಕಾರ್ಮಿಕರು ಇರುವ ಲೈನ್ ಮನೆಯ ಮಕ್ಕಳು, ಆದಿವಾಸಿಗಳ ಹಾಡಿಯ ಮಕ್ಕಳು, ಹೊಳೆದಂಡೆಯಲ್ಲಿ ಮನೆ ಕಳೆದುಕೊಂಡವರ ಮಕ್ಕಳು.

ಈ ತರಬೇತಿ ಅನ್ನುವ ಲೋಕದಲ್ಲಿ ಒಂದು ಲೆಕ್ಕ ಇದೆ. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು. ಕೇಂದ್ರ ಸರ್ಕಾರ 2014ರಲ್ಲಿ ಶುರು ಮಾಡಿದ ದೀನದಯಾಳ್ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಕಲಿತವರ ಪೈಕಿ ಶೇ. 70ರಷ್ಟು ಜನರಿಗಾದರೂ ಕೆಲಸ ಕೊಡಿಸಲೇಬೇಕು ಅಂತ ನಿಯಮ ಮಾಡಿದರು. ನಮಗೆ ಬರುವುದು ಸರ್ಕಾರದ ದುಡ್ಡಲ್ಲ, ಆದರೂ ದುಡ್ಡು ಕೊಡುವವರು ಅದೇ ಅಳತೆಗೋಲು ಹಿಡಿದು ಕೂತಿರುತ್ತಾರೆ. ಮೂರು ತಿಂಗಳು ಕೆಲಸದಲ್ಲಿ ಇದ್ದರೆ ಸಾಕು, ನಮ್ಮ ಎಕ್ಸೆಲ್ ಶೀಟಿನಲ್ಲಿ ಅವರ ಹೆಸರಿನ ಮುಂದಿನ ಕೋಣೆಗೆ ಹಸಿರು ಬಣ್ಣ. ನಾಲ್ಕನೇ ತಿಂಗಳ ಮೊದಲ ದಿನವೇ ಬಿಟ್ಟುಬಂದರೂ ಹಸಿರು ಹಸಿರೇ. ಫೋಟೋದ ಹುಡುಗಿಯ ಹೆಸರಿನ ಮುಂದೆಯೂ ಹಸಿರೇ ಇತ್ತು.

ಅವಳು ಮತ್ತೆ ಸಿಕ್ಕಿದ್ದು ಸಿದ್ದಾಪುರದ ಸಂತೆಯಲ್ಲಿ. ಅಮ್ಮನ ಜೊತೆ ಒಣಮೀನು ತಗೊಳ್ಳುತ್ತಿದ್ದಳು. ನನ್ನನ್ನು ಕಂಡದ್ದೇ ಮುಖ ಸಣ್ಣದು ಮಾಡಿಕೊಂಡು, "ಶಾಲು ವಾಪಸ್ ಕೊಡ್ಬೇಕಾ ಮೇಡಂ?" ಅಂದಳು.

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಚಹಾ ಅಂಗಡಿಯಲ್ಲಿ ಕೂತು ಹೇಳಿದಳು. ಬೆಂಗಳೂರಿನ ಒಂದು ಹೋಟೆಲು, ರೂಮು ಕ್ಲೀನ್ ಮಾಡುವ ಕೆಲಸ. ಕೆಲಸ ಕಷ್ಟ ಇರಲಿಲ್ಲ. ಕಾಫಿ ಕುಯ್ದ ಕೈಗೆ ಬೆಡ್‌ಶೀಟ್ ಹಾಸುವುದು ಯಾವ ಮಹಾ. ಉಳಿದುಕೊಳ್ಳುವ ಜಾಗದಲ್ಲಿ ಆರು ಹುಡುಗಿಯರಿಗೆ ಒಂದೇ ಬಾತ್‌ರೂಮು. ಅದರ ಬಾಗಿಲಿಗೆ ಚಿಲಕ ಇರಲಿಲ್ಲ. ಅದೇ ಮಹಡಿಯಲ್ಲಿ ಹುಡುಗರೂ ಇದ್ದರು. ಒಬ್ಬಳು ಸ್ನಾನ ಮಾಡುವಾಗ ಇನ್ನೊಬ್ಬಳು ಬಾಗಿಲು ಹಿಡಿದುಕೊಂಡು ನಿಲ್ಲಬೇಕು. ಶಿಫ್ಟು ಬೇರೆ ಬೇರೆ ಆದಾಗ ಹಿಡಿಯುವವರೇ ಇಲ್ಲ. ಎರಡು ಸಲ ಮ್ಯಾನೇಜರಿಗೆ ಹೇಳಿದ್ದಾಳೆ. ಮೂರನೇ ಸಲ ಹೇಳದೆ ಬಸ್ಸು ಹತ್ತಿದ್ದಾಳೆ.

"ನಮಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಮೇಡಂ. ಫೋನ್ ಮಾಡಿದಾಗೆಲ್ಲ ಕೆಲಸದಲ್ಲಿ ಇದ್ದೀಯಾ ಅಂತ ಮಾತ್ರ ಕೇಳ್ತಿದ್ರಿ."

ಮರುದಿನ ಆಫೀಸಿಗೆ ಹೋಗಿ ರಿಜಿಸ್ಟರ್ ತೆಗೆದೆ. ಕೆಲಸ ಬಿಟ್ಟವರ ಹೆಸರಿನ ಮುಂದೆ ಕಾರಣ ಬರೆಯುವ ಕಾಲಂ ಒಂದಿದೆ. 'ವೈಯಕ್ತಿಕ ಕಾರಣ.' 'ಮನೆ ನೆನಪು.' 'ಆಸಕ್ತಿ ಇಲ್ಲ.' 'ವೈಯಕ್ತಿಕ ಕಾರಣ.' ಪುಟಗಟ್ಟಲೆ ಇದೇ, ಹೆಚ್ಚಿನದು ನನ್ನದೇ ಕೈಬರಹ. ಚಿಲಕ ಅನ್ನುವ ಪದ ಎಲ್ಲೂ ಇರಲಿಲ್ಲ.

ಗೆದ್ದವರನ್ನು ಕರೆದು ಶಾಲು ಹಾಕುವುದು ಸಾಕು, ಬಿಟ್ಟು ಬಂದವರನ್ನು ಕರೆದು ಕೂರಿಸೋಣ ಅಂತ ಅವತ್ತು ತೀರ್ಮಾನಿಸಿದೆ. ಕೇಳಲು ಸುಲಭ. ಮೊದಲ ಸಭೆ ಪೂರ್ತಿ ಕೆಟ್ಟುಹೋಯಿತು. ನಮ್ಮ ಆಫೀಸಿನಲ್ಲೇ ಕರೆದೆವು. ಮೇಜಿನ ಆ ಕಡೆ ನಮ್ಮ ನಿರ್ದೇಶಕರು, ಈ ಕಡೆ ಅವರು. ನಗುವ ಮುಖ, ಅಳುವ ಮುಖದ ಚಿತ್ರ ಇದ್ದ ಫಾರಂ ಕೊಟ್ಟು ಟಿಕ್ ಹಾಕಿ ಅಂದೆವು. ಎಲ್ಲರೂ ನಗುವ ಮುಖಕ್ಕೇ ಹಾಕಿದರು. "ಎಲ್ಲಾ ಚೆನ್ನಾಗಿತ್ತು ಸಾರ್." ಉಪ್ಪಿಟ್ಟು ತಿಂದು ಹೋದರು. ಮತ್ತೇನು ಹೇಳುತ್ತಾರೆ? ನಾಳೆ ತಮ್ಮನನ್ನೋ ತಂಗಿಯನ್ನೋ ಇದೇ ಕೋರ್ಸಿಗೆ ಸೇರಿಸಬೇಕು ಅವರಿಗೆ.

ಎರಡನೇ ಸಲ ನಾವು ಅವರ ಕಡೆ ಹೋದೆವು. ಭಾನುವಾರ ಮಧ್ಯಾಹ್ನ, ಒಂದು ತೋಟದ ಲೈನ್ ಮನೆಯ ಅಂಗಳ. ನಿರ್ದೇಶಕರು ಬರಲಿಲ್ಲ, ಬರಬೇಡಿ ಅಂತ ನಾನೇ ಬೇಡಿಕೊಂಡಿದ್ದೆ. ಹನ್ನೆರಡು ಜನ ಬಂದಿದ್ದರು. ಎರವ ಅನ್ನುವ ಆದಿವಾಸಿ ಸಮುದಾಯದ ಹುಡುಗಿಯರಿಬ್ಬರು ಮೊದಲ ಒಂದು ಗಂಟೆ ತಮ್ಮ ತಮ್ಮಲ್ಲೇ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ಏನು ಅಂತ ಕೇಳಿದರೆ ಇನ್ನೂ ಜಾಸ್ತಿ ನಗು. ಕೊನೆಗೆ ಪಕ್ಕದವಳು ಹೇಳಿದಳು, "ನಿಮ್ಮ ಹೋಟೆಲ್ ಸಾರ್ ನಡೆಯೋದನ್ನ ಅಣಕ ಮಾಡ್ತಿದ್ದಾರೆ ಮೇಡಂ." ಅಲ್ಲಿಂದ ಮಾತು ಶುರುವಾಯಿತು. ಆ ಸಾರ್ ಕ್ಲಾಸಿನಲ್ಲಿ ಹೇಗೆ ಮಾತಾಡುತ್ತಾರೆ, ಯಾರನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ, ಯಾರ ಹೆಸರನ್ನು ಬೇಕಂತಲೇ ತಪ್ಪು ಹೇಳುತ್ತಾರೆ ಎಲ್ಲಾ ಹೊರಬಂತು. ಆ ಸಾರ್ ಈಗ ನಮ್ಮಲ್ಲಿಲ್ಲ.

ಅವತ್ತು ಬಂದವರಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ ಕೊಟ್ಟೆವು. ಇದರ ಬಗ್ಗೆ ಆಫೀಸಿನಲ್ಲಿ ದೊಡ್ಡ ಜಗಳವೇ ಆಗಿತ್ತು. 'ಫಲಾನುಭವಿಗಳಿಗೆ' ದುಡ್ಡು ಕೊಟ್ಟು ಅಭಿಪ್ರಾಯ ಕೇಳಿದರೆ ಅದು ಸರಿಯಾದ ಅಭಿಪ್ರಾಯ ಹೇಗಾಗುತ್ತೆ ಅಂತ ನಮ್ಮ ಅಕೌಂಟೆಂಟ್ ವಾದ. ಬೆಂಗಳೂರಿನಿಂದ ಬರುವ ಸಲಹೆಗಾರರಿಗೆ ದಿನಕ್ಕೆ ಎಷ್ಟು ಕೊಡ್ತೀವಿ ಅಂತ ನಾನು ಕೇಳಿದೆ. ಅವರು ಮಾತು ನಿಲ್ಲಿಸಿದರು. ಆದರೂ ಬಜೆಟ್ಟಿನಲ್ಲಿ ಇದಕ್ಕೊಂದು ತಲೆಬರಹ ಇರಲಿಲ್ಲ. ಮೊದಲ ವರ್ಷ 'ಪ್ರಯಾಣ ವೆಚ್ಚ' ಅಂತ ಬರೆದುಕೊಂಡೆವು.

ಆ 'ಫಲಾನುಭವಿ' ಅನ್ನುವ ಪದ ಅಂಗಳದಲ್ಲೂ ನನ್ನ ಬಾಯಿಂದ ಜಾರಿತ್ತು. ಹೊಲಿಗೆ ಕಲಿತು ಈಗ ತೋಟದ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಅಲ್ಲೇ ತಡೆದರು. "ಹಣ್ಣು ಕುಯ್ಯೋರು ನಾವು. ಫಲ ಅನುಭವಿಸೋರು ಯಾರು ಅಂತ ಇಡೀ ಕೊಡಗಿಗೆ ಗೊತ್ತು. ಬೇರೆ ಹೆಸರು ಹುಡುಕಿ." ಇನ್ನೂ ಹುಡುಕುತ್ತಿದ್ದೇವೆ. ಸದ್ಯಕ್ಕೆ 'ಹಳಬರು' ಅಂತಿದ್ದೇವೆ.

ಹಳಬರು ಮೊದಲು ಕೈ ಹಾಕಿದ್ದು ಸಿಲೆಬಸ್ಸಿಗೆ ಅಲ್ಲ, ಕ್ಯಾಲೆಂಡರಿಗೆ. ನನಗಂತೂ ಇದು ಹೊಳೆದಿರಲೇ ಇಲ್ಲ.

ನಮ್ಮ ಬ್ಯಾಚು ಸಾಮಾನ್ಯವಾಗಿ ಶುರುವಾಗುತ್ತಿದ್ದದ್ದು ಜನವರಿಯಲ್ಲಿ. ಯಾಕೆ? ಪ್ರಾಜೆಕ್ಟ್ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮಂಜೂರಾತಿ ಬರುವಾಗ ಮಳೆಗಾಲ ಅರ್ಧ ಕಳೆದಿರುತ್ತದೆ, ಮೊದಲ ಕಂತು ಬರುವಾಗ ದೀಪಾವಳಿ. ಆಮೇಲೆ ಮಾರ್ಚ್ 31ರೊಳಗೆ ಖರ್ಚು ಮುಗಿಸಿ ಅಂತ ಫೋನು. ಹಾಗಾಗಿ ಜನವರಿ. ಆದರೆ ನಮ್ಮ ದಕ್ಷಿಣ ಕೊಡಗಿನ ತೋಟಗಳಲ್ಲಿ ಜಾಸ್ತಿ ಇರುವುದು ರೋಬಸ್ಟಾ ಕಾಫಿ. ಅದರ ಕುಯ್ಲು ಜೋರಾಗಿ ನಡೆಯುವುದು ಜನವರಿಯಿಂದಲೇ. ಆಗ ಕೆಜಿ ಲೆಕ್ಕದಲ್ಲಿ ಕೂಲಿ. ಮನೆಮಂದಿ ಎಲ್ಲಾ ಕೈ ಹಾಕಿದರೆ ವರ್ಷದ ಸಾಲ ತೀರಿಸುವಷ್ಟು ಸಿಗುವ ಹೊತ್ತು. ಆ ಹೊತ್ತಿಗೆ ಹದಿನೆಂಟರ ಮಗನನ್ನು ಟ್ಯಾಲಿ ಕಲಿಯಲು ಕಳಿಸಿ ಅಂದರೆ ಯಾವ ತಾಯಿ ಕಳಿಸುತ್ತಾಳೆ? ಕಳಿಸಿದರೂ ಎರಡು ವಾರ. ಆಮೇಲೆ ನಾನು ರಿಜಿಸ್ಟರಿನಲ್ಲಿ 'ಆಸಕ್ತಿ ಇಲ್ಲ' ಅಂತ ಬರೆಯುತ್ತಿದ್ದೆ.

ಅಂಗಳದ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಹನ್ನೆರಡು ತಿಂಗಳು ಬರೆದೆವು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ. ಹಾಡಿಯ ಹುಡುಗರು ವೇಷ ಹಾಕಿಕೊಂಡು, ಎದುರು ಸಿಕ್ಕವರನ್ನೆಲ್ಲ ಬೈದು ಕಾಸು ಕೇಳಿಕೊಂಡು ತಿರುಗುವ ದಿನಗಳು. ಆಗ ಕ್ಲಾಸು ಇಟ್ಟರೆ ಖಾಲಿ ಕುರ್ಚಿಗೇ ಪಾಠ ಮಾಡಬೇಕು. ಜೂನ್‌ನಲ್ಲಿ ಶಾಲೆ ಶುರು, ಮನೆಯಲ್ಲಿ ಕೈ ಖಾಲಿ. ಜುಲೈ, ಆಗಸ್ಟ್ ಕಕ್ಕಡ ತಿಂಗಳ ಮಳೆ. ಬಸ್ಸು ಬಂದರೆ ಬಂತು, ಕರೆಂಟು ಹೋದರೆ ನಾಲ್ಕು ದಿನ ಇಲ್ಲ. ಕಂಪ್ಯೂಟರ್ ಕ್ಲಾಸು ಮೇಣದ ಬತ್ತಿಯಲ್ಲಿ ನಡೆಯಲ್ಲ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಶುರು ಮಾಡಿ ಡಿಸೆಂಬರ್ ಮೊದಲ ವಾರಕ್ಕೆ ಮುಗಿಸಬೇಕು. ಮಧ್ಯೆ ದಸರಾ, ತುಲಾ ಸಂಕ್ರಮಣ, ಸುಗ್ಗಿಯ ಹಬ್ಬ ಪುತ್ತರಿ. ಅದಕ್ಕೆಲ್ಲ ರಜೆ. ಇಷ್ಟನ್ನು ಅವರು ಹಾಕಿದ್ದು ಅರ್ಧ ಗಂಟೆಯಲ್ಲಿ.

ಆಮೇಲೆ ಹೊತ್ತಿನ ವಿಷಯ. ಬೆಳಿಗ್ಗೆ ಎಂಟೂವರೆಗೆ ಕ್ಲಾಸು ಅಂತ ಇಟ್ಟಿದ್ದೆವು, ಹೋಟೆಲ್ ಕೆಲಸಕ್ಕೆ ಹೋಗುವವರಿಗೆ ಬೇಗ ಏಳುವ ಅಭ್ಯಾಸ ಆಗಲಿ ಅಂತ ದೊಡ್ಡ ಯೋಚನೆ ಮಾಡಿ. ಅದಕ್ಕೆ ಬರಬೇಕಾದರೆ ಅವರು ಆರೂವರೆಗೆ ತೋಟದ ರಸ್ತೆಯಲ್ಲಿ ನಡೆಯಬೇಕು. ನಮ್ಮ ಕಡೆ ಆ ಹೊತ್ತಿಗೆ ಆ ರಸ್ತೆಯಲ್ಲಿ ಆನೆಯೂ ನಡೆಯುತ್ತದೆ. ವಾಟ್ಸಾಪಿನಲ್ಲಿ 'ಆನೆ ಇದೆ, ಎಚ್ಚರ' ಅಂತ ಮೆಸೇಜು ಬಂದರೆ ಮನೆಯವರು ಹೊರಗೆ ಬಿಡಲ್ಲ. ನಾನು ಇದೇ ಊರಿನವಳು. ಆ ಮೆಸೇಜು ನನ್ನ ಫೋನಿಗೂ ಬರುತ್ತಿತ್ತು. ಆದರೂ ತಡವಾಗಿ ಬಂದವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಈಗ ಕ್ಲಾಸು ಹತ್ತು ಗಂಟೆಗೆ.

ಹೊಸ ಕ್ಯಾಲೆಂಡರ್ ಹಿಡಿದುಕೊಂಡು ದುಡ್ಡು ಕೊಡುವವರ ಹತ್ತಿರ ಹೋದಾಗ ಅವರು ಮೊದಲು ಒಪ್ಪಲಿಲ್ಲ. ಮೂರು ಸಲ ಪತ್ರ ಬರೆದೆ. ಕೊನೆಗೆ ಒಂದು ವರ್ಷದ ದುಡ್ಡನ್ನು ಮುಂದಿನ ಸೆಪ್ಟೆಂಬರಿಗೆ ಎಳೆಯಲು ಬಿಟ್ಟರು. ಆ ಬ್ಯಾಚಿನಲ್ಲಿ ಕುರ್ಚಿ ಸಾಲಲಿಲ್ಲ.

ಸಂಬಳದ ಕಥೆ ಇನ್ನೂ ಸ್ವಾರಸ್ಯ. ನಾವು ಮೂರು ತಿಂಗಳು ಕೆಲಸ ಕಲಿಸುತ್ತಿದ್ದೆವು, ಆದರೆ ಮೊದಲ ಸಂಬಳದವರೆಗೆ ಹೇಗೆ ಬದುಕಬೇಕು ಅಂತ ಕಲಿಸಿರಲಿಲ್ಲ. ಹನ್ನೆರಡನೇ ತಾರೀಕು ಕೆಲಸಕ್ಕೆ ಸೇರಿದರೆ ಸಂಬಳ ಬರುವುದು ಮುಂದಿನ ತಿಂಗಳು ಹತ್ತಕ್ಕೆ, ಅದೂ ಅರ್ಧ ತಿಂಗಳದ್ದು. ಅಲ್ಲಿಯವರೆಗೆ ರೂಮಿನ ಅಡ್ವಾನ್ಸು, ಊಟ, ಬಸ್ಸು ಎಲ್ಲಾ ಕೈಯಿಂದ. ತೋಟದಲ್ಲಾದರೆ ವಾರಕ್ಕೊಮ್ಮೆ ಬಟವಾಡೆ, ಕಷ್ಟಕ್ಕೆ ಲೆಕ್ಕ ಬರೆಯುವ ರೈಟರ್ ಹತ್ತಿರ ಮುಂಗಡ ಕೇಳಬಹುದು. ಬೆಂಗಳೂರಲ್ಲಿ ಯಾರನ್ನು ಕೇಳುತ್ತಾರೆ? ನಮ್ಮ ರಿಜಿಸ್ಟರಿನ 'ಮನೆ ನೆನಪು' ಅಂದರೆ ಎಷ್ಟೋ ಸಲ ಇದೇ. ಇಪ್ಪತ್ತೈದನೇ ದಿನ ಕೈಯಲ್ಲಿ ಉಳಿದದ್ದು ಊರಿಗೆ ಬರುವ ಬಸ್ ಚಾರ್ಜು ಮಾತ್ರ. ಅದೂ ಖರ್ಚಾಗುವ ಮೊದಲು ಹೊರಟುಬಿಟ್ಟರು.

ಅದಕ್ಕೆ ಹಳಬರು ಹೇಳಿದ ಪರಿಹಾರ: ಹೊಸಬರಿಗೆ ಕೊಡುವ ಟೀ ಶರ್ಟು, ಬ್ಯಾಗು ನಿಲ್ಲಿಸಿ, ಆ ದುಡ್ಡನ್ನು ಮೊದಲ ತಿಂಗಳ ಸಾಲವಾಗಿ ಕೊಡಿ. ಟೀ ಶರ್ಟಿನ ಎದೆ ಮೇಲೆ ದಾನಿಗಳ ಲೋಗೋ ಇತ್ತು, ಗೊತ್ತಲ್ಲ. ಒಂದು ತಿಂಗಳ ಚೌಕಾಸಿ ಆದ ಮೇಲೆ ಬ್ಯಾಗು ಹೋಯಿತು, ಟೀ ಶರ್ಟು ಉಳಿಯಿತು.

ಇನ್ನೊಂದು, ಸಂಬಳದ ಚೀಟಿ. ಕೈಗೆ ಬಂದದ್ದು ಹೇಳಿದ್ದಕ್ಕಿಂತ ಕಮ್ಮಿ ಅಂತ ಒಬ್ಬ ಹುಡುಗ ಜಗಳ ಮಾಡಿ ಕೆಲಸ ಬಿಟ್ಟಿದ್ದ. ಅವನಿಗೆ ಪಿಎಫ್ (ಭವಿಷ್ಯ ನಿಧಿ) ಅಂದರೇನು ಅಂತ ಯಾರೂ ಹೇಳಿರಲಿಲ್ಲ. ಅವನ ಪಕ್ಕದಲ್ಲೇ ಕೂತವನ ಚೀಟಿಯಲ್ಲಿ ಪಿಎಫ್ ಕಡಿತ ಇತ್ತು, ಆದರೆ ಪಿಎಫ್ ನಂಬರೇ ಇರಲಿಲ್ಲ. ಅವನು ಮಾತ್ರ ಸುಮ್ನೆ ಒಂದೂವರೆ ವರ್ಷ ದುಡಿದಿದ್ದ. ಜಗಳ ಮಾಡಬೇಕಾದವನು ಮಾಡಲಿಲ್ಲ, ಮಾಡಬೇಕಿಲ್ಲದವನು ಮಾಡಿದ. ಈಗ ಒಂದು ಪೂರ್ತಿ ದಿನ ಇದೇ ಪಾಠ. ಮಾಡುವವರು ಹಳಬರು, ತಮ್ಮದೇ ಚೀಟಿ ಹಿಡಿದುಕೊಂಡು. ಮೂಲ ಸಂಬಳದಲ್ಲಿ ಶೇ. 12 ಪಿಎಫಿಗೆ ಹೋಗುತ್ತದೆ, ಅಷ್ಟನ್ನೇ ಮಾಲೀಕರೂ ಹಾಕಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ನುವ ಆರೋಗ್ಯ ವಿಮೆ, ಅದಕ್ಕೆ ನಮ್ಮ ಪಾಲು ಶೇ. 0.75 ಮಾತ್ರ. ಪಿಎಫ್ ಖಾತೆಯ ಹನ್ನೆರಡು ಅಂಕಿಯ ಯುಎಎನ್ ನಂಬರ್ ಕೇಳಿ ತಗೊಳ್ಳಿ, ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ನೋಡಿ, ದುಡ್ಡು ಬೀಳದಿದ್ದರೆ ಕೇಳಿ. ನಾನು ಆ ಕ್ಲಾಸಿನಲ್ಲಿ ಹಿಂದೆ ಕೂತು ನೋಟ್ಸ್ ಬರೆದುಕೊಂಡೆ. ನನ್ನ ಪಾಸ್‌ಬುಕ್ಕನ್ನೂ ನಾನು ಯಾವತ್ತೂ ನೋಡಿರಲಿಲ್ಲ, ಹೇಳಿದರೆ ನಾಚಿಕೆ.

ಇನ್ನು ತಲೆಬರಹದ ವಿಷಯಕ್ಕೆ ಬರುತ್ತೇನೆ.

ನಾನು 'ವ್ಯಕ್ತಿತ್ವ ವಿಕಸನ' ಅಂತ ಒಂದು ಕ್ಲಾಸು ತಗೊಳ್ಳುತ್ತಿದ್ದೆ. ನಲವತ್ತು ಗಂಟೆ. ಇಂಗ್ಲಿಷ್‌ನಲ್ಲಿ ಪರಿಚಯ ಹೇಳಿಕೊಳ್ಳುವುದು, ಕೈ ಕುಲುಕುವುದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಐದು ವರ್ಷದ ನಂತರ ನಾನು ಎಲ್ಲಿರುತ್ತೇನೆ ಅಂತ ಚಾರ್ಟ್ ಬರೆಯುವುದು. ಈ ಕೋರ್ಸಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಮಕ್ಕಳು ಮೊದಲ ದಿನ ನೆಲ ನೋಡುತ್ತಿದ್ದವರು ಕೊನೆಯ ದಿನ ವೇದಿಕೆ ಮೇಲೆ ನಿಂತು "ಮೈ ನೇಮ್ ಈಸ್" ಅಂದಾಗ ನನಗೆ ಕಣ್ಣು ತುಂಬುತ್ತಿತ್ತು. ಹಳಬರ ಮೂರನೇ ಸಭೆಯಲ್ಲಿ ಪ್ರತಿ ವಿಷಯಕ್ಕೂ ಕಾಳು ಹಾಕುವ ಆಟ ಇಟ್ಟೆವು. ಬೇಕಾದದ್ದಕ್ಕೆ ಕಾಫಿ ಬೀಜ, ಬೇಡದ್ದಕ್ಕೆ ಕರಿಮೆಣಸು. ನನ್ನ ತಟ್ಟೆ ಕರ್ರಗೆ ತುಂಬಿತು.

ಯಾರೂ ನನ್ನ ಮುಖ ನೋಡಲಿಲ್ಲ. ಕೊನೆಗೆ ಕುಶಾಲನಗರದ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುವ ಹುಡುಗ ಬಾಯಿ ಬಿಟ್ಟ. "ಬೇಜಾರ್ ಮಾಡ್ಕೋಬೇಡಿ ಮೇಡಂ. ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದು ಎರಡೇ. ಯಾವಾಗಿಂದ ಬರ್ತೀಯಾ, ಆಧಾರ್ ಇದೆಯಾ." ಅವರಿಗೆ ಬೇಕಾಗಿದ್ದ ಮಾತು ಬೇರೆಯೇ ಇತ್ತು. ಸೂಪರ್‌ವೈಸರ್ ಹತ್ತಿರ ರಜೆ ಕೇಳುವುದು ಹೇಗೆ. ಅಜ್ಜಿ ತೀರಿಕೊಂಡಾಗ ಹೇಳದೆ ಓಡಿಬಂದು ಕೆಲಸ ಕಳೆದುಕೊಂಡವರು ಮೂವರಿದ್ದರು ಅಲ್ಲಿ. ಒರಿಜಿನಲ್ ಆಧಾರ್ ಕಾರ್ಡು ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಲ್ಲ ಅನ್ನುವುದು ಹೇಗೆ. ಮೈ ಮುಟ್ಟಿ ಮಾತಾಡುವವರಿಗೆ ಏನು ಹೇಳಬೇಕು, ಯಾರಿಗೆ ಹೇಳಬೇಕು. ಇದೂ ವ್ಯಕ್ತಿತ್ವವೇ ಅಲ್ವಾ ಅಂತ ನಾನು ಸಮಜಾಯಿಷಿ ಕೊಡಲು ಹೋದೆ. ಆ ಹೊಲಿಗೆ ಅಕ್ಕ, "ಹೌದು, ಆದ್ರೆ ನೀವು ಅದನ್ನ ಕಲಿಸ್ತಿರ್ಲಿಲ್ಲ," ಅಂದರು.

ಒಂದು ವಾರ ನಾನು ಮುನಿಸಿಕೊಂಡಿದ್ದೆ. ಬರೆಯಲು ನಾಚಿಕೆಯಾದರೂ ನಿಜ. ಇವರಿಗೇನು ಗೊತ್ತು, ಧೈರ್ಯ ಬಂದದ್ದೇ ನನ್ನ ಕ್ಲಾಸಿನಿಂದ, ಅದೇ ಧೈರ್ಯದಲ್ಲಿ ನನಗೇ ಎದುರು ಮಾತಾಡುತ್ತಿದ್ದಾರೆ ಅಂತೆಲ್ಲ ಅನ್ನಿಸಿತು. ಗಂಡನ ಹತ್ತಿರ ಹೇಳಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, "ಕೇಳಿದ್ದು ನೀನೇ ತಾನೇ," ಅಂದರು.

ಆ ವಾರ ಹಳೇ ಓದು ನೆನಪಾಯಿತು. ಶೆರಿ ಆರ್ನ್‌ಸ್ಟೀನ್ ಅನ್ನುವ ಅಮೆರಿಕದ ಮಹಿಳೆ 1969ರಲ್ಲಿ ಒಂದು ಲೇಖನ ಬರೆದಿದ್ದರು. ಜನರನ್ನು ಸೇರಿಸಿಕೊಳ್ಳುತ್ತೇವೆ ಅನ್ನುವವರೆಲ್ಲ ಎಂಟು ಮೆಟ್ಟಿಲ ಏಣಿಯ ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ ಅಂತ. ಕೆಳಗಿನ ಎರಡು ಮೆಟ್ಟಿಲು ಸುಮ್ನೆ ಕಣ್ಣೊರೆಸುವುದು. ಮಧ್ಯದ ಮೂರು, ಹೇಳುವುದು, ಕೇಳುವುದು, ಸಮಾಧಾನ ಮಾಡುವುದು. ಮೇಲಿನ ಮೂರರಲ್ಲಿ ಮಾತ್ರ ತೀರ್ಮಾನ ಮಾಡುವ ಅಧಿಕಾರ ಜನರ ಕೈಗೆ ಬರುತ್ತದೆ. ನಮ್ಮ ಶಾಲು, ಸ್ಟೀಲ್ ಡಬ್ಬಿ ಎಲ್ಲಿ ಬರುತ್ತೆ ಅಂತ ಹೇಳಬೇಕಿಲ್ಲ. ಮುಂದಿನ ಸಭೆಯಲ್ಲಿ ಈ ಏಣಿಯನ್ನು ಬೋರ್ಡಿನ ಮೇಲೆ ಬರೆದು ಉತ್ಸಾಹದಿಂದ ವಿವರಿಸಿದೆ. ಮೆಣಸು ಕುಯ್ಯುವವರಿಗೆ ಏಣಿಯ ಉದಾಹರಣೆ ನಾಟುತ್ತೆ ಅಂತ ನನ್ನ ಲೆಕ್ಕ. ಒಬ್ಬಳು ಆಕಳಿಸಿದಳು. ಅಷ್ಟರಲ್ಲಿ ಚಹಾ ಬಂತು.

ನನ್ನ ಕ್ಲಾಸು ಹೋಯಿತು. ಅದರ ಜಾಗದಲ್ಲಿ ಈಗ ಹದಿನಾರು ಗಂಟೆಯ 'ಮಾತಾಡುವ ಕ್ಲಾಸು' ಇದೆ. ಹೋಮ್‌ಸ್ಟೇಗೆ ಹೋಗುವವರಿಗೆ ಬೇಕಾದ ಒಂದಷ್ಟು ಇಂಗ್ಲಿಷ್, ಹಿಂದಿ ವಾಕ್ಯಗಳೂ ಅದರಲ್ಲೇ. ಅದನ್ನು ನಡೆಸುವುದು ನಾನಲ್ಲ. ಸಮಾಧಾನಕ್ಕೆ ಒಬ್ಬಳು ಆಮೇಲೆ ಹೇಳಿದಳು, "ನಿಮ್ಮ ಕ್ಲಾಸು ನನಗೆ ಇಷ್ಟ ಇತ್ತು ಮೇಡಂ. ಆ ರೂಮಲ್ಲಿ ಫ್ಯಾನ್ ಇತ್ತು."

ಹಳಬರಿಂದ ಬಂದ ಹೊಸ ಕೋರ್ಸು ಒಂದೇ, ಆದರೆ ಅದು ಚೆನ್ನಾಗಿ ಬೇರು ಬಿಟ್ಟಿದೆ. ಬೈಕ್ ರಿಪೇರಿ ಕಲಿತ ತಿತಿಮತಿ ಕಡೆಯ ಹುಡುಗ ಹೇಳಿದ್ದು ಇದು. ಬೈಕ್ ಶೋರೂಮು ಇರುವುದು ಬೆರಳೆಣಿಕೆ, ಅಲ್ಲಿ ಜಾಗ ಖಾಲಿ ಇಲ್ಲ. ಆದರೆ ಪ್ರತಿ ತೋಟದಲ್ಲೂ ಕಳೆ ಹೊಡೆಯುವ ಮಿಷಿನ್ ಇದೆ, ಔಷಧಿ ಹೊಡೆಯುವ ಸ್ಪ್ರೇಯರ್ ಇದೆ, ಮರ ಕುಯ್ಯುವ ಮಿಷಿನ್ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲು ಮೋಟಾರು. ಕೆಟ್ಟರೆ ಪೇಟೆಗೆ ಹೊತ್ತುಕೊಂಡು ಹೋಗಬೇಕು, ಒಂದು ವಾರ ಕಾಯಬೇಕು. ಕೆಡುವುದೂ ಹೆಚ್ಚಾಗಿ ಸಣ್ಣ ಕಾರಣಕ್ಕೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಲೇಬೇಕು. ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಪೆಟ್ರೋಲ್ ಟ್ಯಾಂಕಿನಲ್ಲೇ ಬಿಟ್ಟರೆ ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ. ಇಲ್ಲವೇ ಪ್ಲಗ್ಗಿಗೆ ಮಸಿ, ಎಳೆಯುವ ಹಗ್ಗ ತುಂಡು. ನಾವು ಮೈಸೂರಿನ ಒಬ್ಬ ಸಲಹೆಗಾರರಿಂದ ಮಾರುಕಟ್ಟೆ ಸಮೀಕ್ಷೆ ಮಾಡಿಸಿದ್ದೆವು. ಎಂಬತ್ತು ಪುಟ. ಅದರಲ್ಲಿ ಕಳೆ ಹೊಡೆಯುವ ಮಿಷಿನ್ ಇರಲಿಲ್ಲ. ಆ ಹುಡುಗ ಈಗ ಒಂದು ಬ್ಯಾಗಿನಲ್ಲಿ ಸಾಮಾನು ಇಟ್ಟುಕೊಂಡು ಹಳೇ ಬೈಕಿನಲ್ಲಿ ತೋಟ ತೋಟ ಸುತ್ತುತ್ತಾನೆ. ಊರು ಬಿಡದೆ ಬದುಕುತ್ತಿದ್ದಾನೆ. ನಮ್ಮ ಎಕ್ಸೆಲ್ ಶೀಟಿನಲ್ಲಿ ಮಾತ್ರ ಅವನಿಗೆ ಹಸಿರು ಬಣ್ಣ ಕೊಡಲು ಆಗಲ್ಲ. ನೇಮಕಾತಿ ಪತ್ರ ಇಲ್ಲ ಅಲ್ವಾ.

ಇಷ್ಟು ಓದಿದವರಿಗೆ ಹಳಬರು ಅಂದರೆ ದೇವರಂಥವರು ಅನ್ನಿಸಬಹುದು. ಇಲ್ಲ. ಅವರು ನಮಗಿಂತ ಬಿಗಿ. ಎರಡು ದಿನ ತಪ್ಪಿಸಿದರೆ ಹೆಸರು ಹೊಡೆದುಹಾಕಿ ಅಂದರು. 500 ರೂಪಾಯಿ ಫೀಸು ಇಡಿ, ಫ್ರೀ ಕೊಟ್ಟರೆ ಬೆಲೆ ಇರಲ್ಲ ಅಂದರು. "ನಾವು ಮಳೇಲಿ ನೆನ್ಕೊಂಡು ಬಂದ್ವಿ, ಇವರಿಗೇನು ಕಷ್ಟ?" ಅಂತ ಹತ್ತು ಗಂಟೆಯ ಕ್ಲಾಸಿನ ಬಗ್ಗೆಯೇ ಒಬ್ಬನ ಆಕ್ಷೇಪ. ಅದನ್ನು ಹತ್ತಕ್ಕೆ ತಂದವರೇ ಅವರು! ಹೊಲಿಗೆ ಕೋರ್ಸು ನಿಲ್ಲಿಸುವ ಮಾತು ಬಂದಾಗ, ಅಲ್ಲಿ ಸಹಾಯಕಿಯಾಗಿ ಸಂಬಳ ಪಡೆಯುತ್ತಿದ್ದ ಹಳಬಳು ಅರ್ಧ ಸಭೆಯನ್ನು ತನ್ನ ಕಡೆ ಎಳೆದುಕೊಂಡಳು. ಹೊಲಿಗೆಯಿಂದ ಯಾರಿಗೂ ಹೇಳಿಕೊಳ್ಳುವಂಥ ಕೆಲಸ ಸಿಕ್ಕಿರಲಿಲ್ಲ, ಆದರೂ ಕೋರ್ಸು ಉಳಿಯಿತು. ಸಭೆಗೆ ಬರುವವರೂ ಯಾರು? ಬಿಡುವು ಇರುವವರು, ಹತ್ತಿರ ಇರುವವರು, ಮಾತು ಬರುವವರು. ದೂರದ ಹಾಡಿಯಿಂದ ಮೂರನೇ ದಿನಕ್ಕೇ ಕೋರ್ಸು ಬಿಟ್ಟುಹೋದವಳು ಯಾವ ಸಭೆಗೂ ಬಂದಿಲ್ಲ. ಫೀಸಿನ ವಿಷಯದಲ್ಲಿ ನಾನು ಹಟ ಹಿಡಿದು ಬೇಡ ಅಂದೆ. ಹಾಗಾದರೆ ತೀರ್ಮಾನ ನಮ್ಮದು ಅಂತ ಯಾಕೆ ಹೇಳಿದಿರಿ ಅಂತ ಕೇಳಿದರು. ಒಳ್ಳೇ ಪ್ರಶ್ನೆಯೇ. ಆದರೂ ಫೀಸು ಇಡಲಿಲ್ಲ.

ಲೆಕ್ಕ ತೋರಿಸುವ ವಿಷಯಕ್ಕೆ ಬಂದಾಗ ನಮ್ಮ ಆಫೀಸು ಪೂರ್ತಿ ಹಿಂಜರಿಯಿತು. ಕೇಳಿದ್ದು ಒಬ್ಬ ತಾಯಿ. ಅವರು ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ನಮ್ಮ ರಾಜ್ಯದಲ್ಲಿ 2001ರಿಂದ ಆ ಸಮಿತಿಗಳಿವೆ, ಹೆಚ್ಚಿನ ಕಡೆ ಸಹಿ ಹಾಕಲು ಮಾತ್ರ ಕರೆಯುತ್ತಾರೆ ಅಂತ ನಮ್ಮ ಭಾವನೆ. ಆದರೆ ಸಭೆ ನಡೆಸುವ ರೀತಿ ಅವರಿಗೆ ಅಲ್ಲೇ ಕರಗತ ಆಗಿತ್ತು. ನಡಾವಳಿ ಪುಸ್ತಕ ತರಿಸಿದರು. ಖಾಲಿ ಹಾಳೆಗೆ ಸಹಿ ಹಾಕಲ್ಲ ಅಂದರು. ಆಮೇಲೆ, ಒಬ್ಬ ಹುಡುಗನಿಗೆ ನೀವು ಎಷ್ಟು ಖರ್ಚು ಮಾಡ್ತೀರಿ, ಅದರಲ್ಲಿ ಅವನಿಗೆ ತಲುಪೋದೆಷ್ಟು, ನಿಮ್ಮ ಸಂಬಳಕ್ಕೆ ಹೋಗೋದೆಷ್ಟು ಅಂತ ಕೇಳಿದರು.

1994ರಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಅನ್ನುವ ಊರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕಾಮಗಾರಿಯ ಲೆಕ್ಕವನ್ನು ಜನರ ಮುಂದೆ ಜೋರಾಗಿ ಓದಿದ್ದರು. ಅಂಥ ಸಭೆಗಳಿಂದ ಮಾಹಿತಿ ಹಕ್ಕಿನ ಹೋರಾಟ ಬೆಳೆಯಿತು. 2005ರ ಉದ್ಯೋಗ ಖಾತರಿ ಕಾನೂನಿನ 17ನೇ ಸೆಕ್ಷನ್ನಿನಲ್ಲಿ ಕೆಲಸದ ಲೆಕ್ಕವನ್ನು ಗ್ರಾಮಸಭೆಯೇ ಪರಿಶೀಲಿಸಬೇಕು ಅಂತ ಬರೆದರು. ಪಂಚಾಯಿತಿಯಲ್ಲಿ ಈ ಸಭೆ ಸರಿಯಾಗಿ ಮಾಡಲ್ಲ ಅಂತ ಭಾಷಣ ಬಿಗಿಯುವವರಲ್ಲಿ ನಾನೂ ಒಬ್ಬಳು. ನಮ್ಮದೇ ಲೆಕ್ಕ ಓದುವ ದಿನ ಬಂದಾಗ ಮಾತ್ರ ಗಂಟಲು ಒಣಗಿತು. ನನ್ನ ಸಂಬಳದ ಸಾಲು ಬಂದಾಗ ಅಂಗಳ ಸುಮ್ಮನಾಯಿತು. ಆ ತಾಯಿ, "ಅಷ್ಟೇನಾ?" ಅಂದರು. ಕಮ್ಮಿ ಅಂತಲೋ, ಮುಗಿಯಿತಾ ಅಂತಲೋ ನನಗೆ ಇವತ್ತಿಗೂ ಗೊತ್ತಿಲ್ಲ.

ಫೋಟೋದ ಹುಡುಗಿಗೆ ಕಳೆದ ವರ್ಷದಿಂದ ನಮ್ಮಲ್ಲಿ ತಿಂಗಳಿಗೆ ನಾಲ್ಕು ದಿನದ ಕೆಲಸ ಇದೆ. ಹೊಸ ಬ್ಯಾಚನ್ನು ಯಾವುದಾದರೂ ಕಡೆ ಕಳಿಸುವ ಮೊದಲು ಅವಳು ಮತ್ತೆ ಇನ್ನೊಬ್ಬ ಹಳಬ ಹೋಗಿ ಆ ಜಾಗ ನೋಡಿಕೊಂಡು ಬರುತ್ತಾರೆ. ಕೆಲಸದ ಜಾಗವನ್ನಲ್ಲ, ಉಳಿದುಕೊಳ್ಳುವ ಜಾಗವನ್ನು. ರಾತ್ರಿ ಶಿಫ್ಟು ಮುಗಿದ ಮೇಲೆ ಬಸ್ಸಿದೆಯಾ, ಕುಡಿಯುವ ನೀರು ಎಲ್ಲಿಂದ, ಅಡುಗೆಗೆ ಕುಚ್ಚಲಕ್ಕಿ ಸಿಗುತ್ತಾ ಅಂತಲೂ ವಿಚಾರಿಸುತ್ತಾರೆ. ಊರಿನಿಂದ ಊರಿಗೆ ರೈಲಿಲ್ಲದ ಜಿಲ್ಲೆ ನಮ್ಮದು, ಬಸ್ಸಿನಲ್ಲೇ ಹೋಗಿ ಬಸ್ಸಿನಲ್ಲೇ ಬರಬೇಕು. ರಿಪೋರ್ಟು ಬರೆಯುವುದು ಬೇಡ, ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜು ಹಾಕಿದರೆ ಸಾಕು ಅಂತ ಒಪ್ಪಂದ.

ಹೋದ ವಾರ ಮೈಸೂರಿನ ಒಂದು ಕಡೆ ಹೋಗಿದ್ದಳು. ಒಳ್ಳೇ ಸಂಬಳ, ಪಿಎಫ್ ಇದೆ, ವಾರಕ್ಕೊಂದು ರಜೆ. ಆರು ಹುಡುಗಿಯರಿಗೆ ಜಾಗ ಖಾಲಿ ಇದೆ. ದುಡ್ಡು ಕೊಡುವವರಿಂದ ನನಗೆ ಎರಡು ಇಮೇಲ್ ಆಗಲೇ ಬಂದಿದೆ, ಆ ಆರು ಹೆಸರು ಯಾವಾಗ ಹಸಿರಾಗುತ್ತೆ ಅಂತ. ಸಂಜೆ ಅವಳ ಮೆಸೇಜು ಬಂತು. ಹಿಂದೆ ಬಸ್ ಸ್ಟ್ಯಾಂಡಿನ ಗಲಾಟೆ.

"ಮೇಡಂ, ಎಲ್ಲಾ ಚೆನ್ನಾಗಿದೆ. ಬಾತ್‌ರೂಮ್ ಎರಡಿದೆ. ಒಂದಕ್ಕೆ ಚಿಲಕ ಇದೆ, ಒಂದಕ್ಕೆ ಇಲ್ಲ. ಹಾಕಿಸ್ತೀನಿ ಅಂತ ಹೇಳಿದ್ದಾರೆ. ಹಾಕಿಸಿ ಫೋಟೋ ಕಳಿಸ್ಲಿ, ಆಮೇಲೆ ಕಳಿಸೋಣ."

ಫೋಟೋ ಇನ್ನೂ ಬಂದಿಲ್ಲ. ಹುಡುಗಿಯರು ಬ್ಯಾಗು ಕಟ್ಟಿಕೊಂಡು ಕೂತಿದ್ದಾರೆ.